ರೈಟರ ಚಾನೆಲ್ಲಿನಲ್ಲಿ ನನ್ನ ನಗು

ನಗು ತಡೆದುಕೊಂಡಾಗ ರೈಟರ ಎರಡೂ ಕಿವಿ ಕೆಂಪಗಾಗುತ್ತಿದ್ದವು. ಮುಖ ಮಾತ್ರ ಹಾಜರಿ ಕೂಗುವಾಗಿನಷ್ಟೇ ಗಂಭೀರ. ಜಾವಳಿಯ ಹತ್ತಿರ ನನ್ನ ಅವ್ವ ಕೆಲಸಕ್ಕೆ ಹೋಗುತ್ತಿದ್ದ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುತ್ತಿದ್ದವರು ಅವರು, ಹಾಗಾಗಿ ನಮಗೆಲ್ಲ ರೈಟರು. ರಜೆಯ ದಿನ ಆಳುಗಳೆಲ್ಲ ಇದ್ದ ಲೈನುಮನೆಯ ಟಿವಿಯಲ್ಲಿ ಕೆಟ್ಟ ಸಿನಿಮಾ ಬಂದರೆ ಹಿಂದಿನಿಂದ ಅವರ ಮಾತು ಶುರುವಾಗುತ್ತಿತ್ತು. ಗುಂಡೇಟು ತಿಂದ ಹೀರೋ ಭಾಷಣ ಮುಗಿಸದಿದ್ದರೆ, "ಬೇಗ ಸಾಯಿ ಮಾರಾಯ, ಗಂಜಿ ಆರ್ತದೆ" ಎನ್ನುತ್ತಿದ್ದರು.

ನಿವೃತ್ತರಾದ ಮೇಲೆ ಅದೇ ಅವರ ಕಸುಬಾಯಿತು. ಮೂಡಿಗೆರೆಯ ನನ್ನ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಕೆಟ್ಟ ಸಿನಿಮಾಗಳ ಮೇಲೆ ಮಾತಾಡಿ, ಆ ವಿಡಿಯೋವನ್ನು ಇಂಟರ್ನೆಟ್ಟಿನ ತಮ್ಮ ಚಾನೆಲ್ಲಿಗೆ ಹಾಕುತ್ತಿದ್ದರು. ಚಿಕ್ಕಮಗಳೂರಿನಿಂದ ಸ್ಟೇಜಿಗೂ ಕರೆ ಬರತೊಡಗಿತು. ಒಂದೊಂದು ಸಿನಿಮಾವನ್ನೂ ಮೂರು ಸಲ ನೋಡುತ್ತಿದ್ದರು. ಮೊದಲ ಸಲ ತುಟಿ ಬಿಚ್ಚದೆ, ಎರಡನೆಯ ಸಲ ಹಳೆಯ ಹಾಜರಿ ಹಾಳೆಯ ಬೆನ್ನಿಗೆ ಬರೆದುಕೊಳ್ಳುತ್ತಾ, ಮೂರನೆಯ ಸಲ ಮೈಕಿನ ಮುಂದೆ. ಪಕ್ಕದ ಕುರ್ಚಿ ನನ್ನದು, ನಗುವುದೇ ನನ್ನ ಕೆಲಸ. "ನೀನು ನಕ್ರೆ ಮಾತ್ರ ಅದು ಜೋಕು ಮಾರಾಯ್ತಿ" ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ನಗುವುದನ್ನೇ ಮರೆತಿದ್ದೆ. ಆ ಕುರ್ಚಿ ನನ್ನನ್ನು ಬದುಕಿಸಿತು.

ಅವರದೊಂದು ನೇಮವಿತ್ತು: "ಹಿಂದೆ ನಿಂತ ಸಣ್ಣೋರನ್ನ ಮುಟ್ಬಾರ್ದು. ಹೊಡೆಯೋದಾದ್ರೆ ಹೀರೋಗೇ ಹೊಡೀಬೇಕು."

ಅಂಥದೊಂದು ಕೆಟ್ಟ ಸಿನಿಮಾದಲ್ಲಿ, ಹಿಂದೆ ನಿಂತವರ ಸಾಲಿನಲ್ಲಿ ನನ್ನ ಅವ್ವನೂ ಇದ್ದಳು. ಬಹಳ ಹಿಂದೆ ಮಳೆಗಾಲದ ಕೊನೆಗೆ ಎಸ್ಟೇಟಿಗೆ ಬಂದಿದ್ದ ಶೂಟಿಂಗಿನವರು ಅವಳಿಗೆ ಕಾಫಿ ಹಣ್ಣು ಕೊಯ್ಯಲು ಹೇಳಿದ್ದರು. ಗಿಡದ ತುಂಬ ಹಸಿರು ಕಾಯಿ. ಹಸಿರು ಕಾಯಿ ಕಿತ್ತವರಿಗೆ ರೈಟರ ಬೈಗುಳ ತಪ್ಪಿದ್ದಲ್ಲ. ಅವ್ವ ಒಂದನ್ನೂ ಕೀಳಲಿಲ್ಲ. ಬರಿಗೈಯನ್ನೇ ರೆಂಬೆಯ ಮೇಲೆ ಆಡಿಸಿ, ಸೊಂಟದ ಚೀಲಕ್ಕೆ ಹಾಕಿದಂತೆ ಮಾಡಿದಳು. ಕ್ಯಾಮೆರಾದ ಹಿಂದೆ ನಿಂತಿದ್ದ ರೈಟರು, "ಭೇಷ್" ಅಂದಿದ್ದರಂತೆ. ಆ ಸಿನಿಮಾದ ಸಿ.ಡಿ.ಯನ್ನು ಅವ್ವ ದೇವರ ಪಟದ ಹಿಂದೆ ಇಟ್ಟಿದ್ದಳು.

ರೈಟರು ಕೇಳಿದಾಗ ಅದನ್ನು ತಂದುಕೊಟ್ಟವಳು ನಾನೇ. "ನಿಮ್ಮವ್ವ ಬರೋ ಜಾಗ ಬಿಟ್ಟೇ ಮಾಡ್ತೀನಿ, ದೇವ್ರಾಣೆ" ಎಂದರು. ಅದೊಂದನ್ನು ಮಾತ್ರ ತಮ್ಮ ಮನೆಯಲ್ಲೇ ರೆಕಾರ್ಡ್ ಮಾಡಿದರು, ನನ್ನನ್ನು ಕರೆಯಲಿಲ್ಲ.

ವಾರ ಕಳೆಯುವುದರೊಳಗೆ ಲೈನಿನ ಹೆಂಗಸರು ಅವ್ವನಿಗೆ ಮೊಬೈಲ್ ಹಿಡಿದು ತೋರಿಸಿದರು. ಅದರಲ್ಲಿ ರೆಂಬೆಯ ಮೇಲೆ ಆಡುವ ಅವ್ವನ ಕೈ, ಮೇಲಿಂದ ರೈಟರ ದನಿ: "ಈಯಮ್ಮ ಹಣ್ಣು ಕೊಯ್ತಿದ್ದಾಳೋ, ಗಿಡಕ್ಕೆ ಎಣ್ಣೆ ಹಚ್ತಿದ್ದಾಳೋ? ನಮ್ಮ ಕೈಗೆ ಸಿಕ್ಕಿದ್ರೆ ಅರ್ಧ ದಿನದ ಹಾಜರಿ ಅಷ್ಟೇ!" ಅದರ ಬೆನ್ನಿಗೇ ನನ್ನ ನಗು. ಹಳೆಯ ಯಾವುದೋ ರೆಕಾರ್ಡಿಂಗಿನಿಂದ ತೆಗೆದು ಅಂಟಿಸಿದ್ದರು.

ಅವ್ವ ರೈಟರಿಗೆ ಒಂದು ಮಾತೂ ಅನ್ನಲಿಲ್ಲ. "ಅವ್ರು ದೊಡ್ಡೋರು, ಏನಾದ್ರೂ ಹೇಳ್ಕೊಳ್ಳಿ. ನೀನೂ ನಕ್ಬಿಟ್ಯಾ?" ಎಂದಳು.

ನಾನು ಸೀದಾ ರೈಟರ ಮನೆಗೆ ಹೋದೆ. "ಅವ್ವ ಯಾಕೆ ಕೊಯ್ಲಿಲ್ಲ ಅಂತ ನಿಮಗೆ ಗೊತ್ತಿತ್ತಲ್ಲ ರೈಟ್ರೇ? ಲೋಕದೋರಿಗೆ ಗೊತ್ತಿಲ್ದಿದ್ರೂ ನಿಮಗೆ ಗೊತ್ತಿತ್ತಲ್ಲ?"

ಅವರ ಕಿವಿಗಳು ಕೆಂಪಗಾದವು. "ಗೊತ್ತಿತ್ತು ಮಾರಾಯ್ತಿ. ಅದನ್ನ ಹೇಳಿದ್ರೆ ಜೋಕು ಸಾಯ್ತದೆ."

ತೆಗೆಯುತ್ತೇನೆ ಎಂದರು, ತೆಗೆಯಲಿಲ್ಲ. ಅವರ ವಿಡಿಯೋಗಳಲ್ಲೆಲ್ಲ ಅತಿ ಹೆಚ್ಚು ಜನ ನೋಡಿದ್ದು ಅದನ್ನೇ. ಹಿಂದಿನ ಕೋಣೆಗೆ ನಾನು ಬೀಗ ಹಾಕಿದೆ.

ಹೋದ ವರ್ಷ ರೈಟರು ತೀರಿಕೊಂಡರು. ಮಣ್ಣಿಗೆ ಹೋಗಿ ಅತ್ತು ಬಂದೆ. ನಗುವನ್ನು ನನಗೆ ಮರಳಿ ಕೊಟ್ಟವರು ಅವರು, ಆ ಋಣವನ್ನು ಇಲ್ಲ ಎನ್ನಲಾರೆ. ಅದೇ ನಗುವನ್ನು ಅವ್ವನ ಮೇಲೆ ಎಸೆದವರೂ ಅವರೇ, ಅದನ್ನು ಕ್ಷಮಿಸಲಾರೆ. ಚಾನೆಲ್ಲಿನ ಪಾಸ್‌ವರ್ಡ್ ಅವರ ಜೊತೆಗೇ ಹೋಯಿತು, ವಿಡಿಯೋ ಹಾಗೇ ಇದೆ.

"ಅದು ನಿನ್ನ ನೋಡಿ ನಕ್ಕಿದ್ದಲ್ಲ ಅವ್ವ" ಎಂದು ಎಷ್ಟು ಸಲ ಹೇಳಿದ್ದೇನೋ. ಪ್ರತಿ ಸಲವೂ ಹೂಂ ಎನ್ನುತ್ತಾಳೆ. ಆದರೂ ನಾನು ಯಾವುದಕ್ಕಾದರೂ ಜೋರಾಗಿ ನಕ್ಕರೆ, ಅವ್ವ ಎರಡೂ ಕೈಗಳನ್ನು ಸೆರಗಿನೊಳಕ್ಕೆ ಎಳೆದುಕೊಳ್ಳುತ್ತಾಳೆ.