ಹಲಗಿ ಕಾಯಿಸುವವನ ಕುರ್ಚಿ

ಮೌನೇಶ್ವರಿಯ ಬೆರಳು ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಒಮ್ಮೆ ದೇವದುರ್ಗದ ಬಸ್ಸಿನಲ್ಲಿ ಕೂತು ತಗಡು ಬಡಿದೂ ಬಡಿದೂ, ಯಾರೋ ಇಳಿಯುತ್ತಾರೆಂದು ಡ್ರೈವರ್ ಎರಡು ಸಲ ಬ್ರೇಕ್ ಹಾಕುವಂತೆ ಮಾಡಿದಳು. "ಯವ್ವಾ, ಇಳಿಯೂದಿದ್ರ ಇಳಿ, ಇಲ್ಲಂದ್ರ ಕೈ ಕಟ್ಕೊಂಡು ಕುಂದ್ರು" ಎಂದು ಕಂಡಕ್ಟರ್ ರೇಗಿದ. ಅವಳು ಆ ಬೈಗುಳದ ಲಯವನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡಳಂತೆ! ಇಂಥವಳಿಗೆ ಏನು ಹೇಳುವುದು?

ಹುಟ್ಟೂರು ಜಾಲಹಳ್ಳಿ. ಈಗ ರಾಯಚೂರಿನ ಶಾಲೆಯೊಂದರಲ್ಲಿ ಸಂಗೀತದ ಟೀಚರ್. ತಬಲಾ ಕಲಿತು ಪರೀಕ್ಷೆ ಪಾಸು ಮಾಡಿದವಳು ಮೂವತ್ತು ದಾಟಿದ ಮೇಲೆ ಚರ್ಮ ಬಿಗಿದ ಹಲಗಿ ಹಿಡಿದಳು. ನಾಲ್ವರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು, ಹಲಗಿಗೆಂದೇ ಹೊಸ ರಚನೆಗಳನ್ನು ಕಟ್ಟತೊಡಗಿದಳು. "ಮದಿವಿಗೂ ಹಲಗಿ, ಮಣ್ಣಿಗೂ ಹಲಗಿ, ಮೊಹರಮ್ಮಿನ್ಯಾಗ ಅಲಾಯಿ ಕುಣ್ಯಾಕೂ ಹಲಗಿ. ಸುಮ್ನ ಕುಂತು ಕೇಳಾಕ ಮಾತ್ರ ಯಾಕ ಬ್ಯಾಡ?" ಎಂಬುದು ಅವಳ ವಾದ.

ಅವಳ ಅಪ್ಪ ಹಂಪಯ್ಯನಿಗೆ ಈ ಮಾತು ಕಣ್ಣಿಗೆ ಖಾರ ಬಿದ್ದಂತೆ. ಒಂದು ಕಾಲಕ್ಕೆ ಸುತ್ತ ಏಳೂರಲ್ಲಿ ಅವನಂಥ ಹಲಗಿಯವನಿರಲಿಲ್ಲ. ಸತ್ತವರ ಮನೆಗೆ ಕರೆಸುತ್ತಿದ್ದರು, ಅಂಗಳದಾಚೆ ನಿಲ್ಲಿಸುತ್ತಿದ್ದರು, ಚಹಾ ಕೊಟ್ಟರೂ ಮೇಲಿಂದ ಸುರಿಯುತ್ತಿದ್ದರು. ಥೂ, ಅದೆಂಥ ಮರ್ಯಾದೆ! ಮಗಳನ್ನು ಒಂದನೇ ತರಗತಿಗೆ ಸೇರಿಸಿದ ದಿನ ಹಲಗಿಯನ್ನು ಗೂಟಕ್ಕೆ ಹಾಕಿದವನು ಮತ್ತೆ ಮುಟ್ಟಲಿಲ್ಲ. ಇಪ್ಪತ್ತೆಂಟು ವರ್ಷವಾಯಿತು. ಮಗಳ ಒಂದು ಕಾರ್ಯಕ್ರಮಕ್ಕೂ ಹೋಗಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅವಳು ಐದು ಹಲಗಿಗಳಿಗಾಗಿ 'ಕಾಲುವೆ' ಎಂಬ ರಚನೆ ಮಾಡಿದಳು. ಮಾನ್ವಿಯ ಗದ್ದೆಗಳ ಕಡೆ ನೀರು ಮೊದಲ ಹೊಲಕ್ಕೆ ಧುಮುಕುತ್ತದೆ, ಕಟ್ಟಕಡೆಯ ಹೊಲಕ್ಕೆ ತಡವಾಗಿ ಮುಟ್ಟುತ್ತದೆ. ಹಾಗೆಯೇ ಮೊದಲ ಹಲಗಿಯ ಪೆಟ್ಟು ಸಾಲಾಗಿ ಸರಿಯುತ್ತಾ ಐದನೆಯದನ್ನು ಮುಟ್ಟಬೇಕು. ಅದನ್ನು ಅಪ್ಪ ಒಮ್ಮೆ ಕೇಳಬೇಕು, ಅಷ್ಟೇ ಅವಳ ಆಸೆ. ಜಾಲಹಳ್ಳಿಗೇ ಹೋಗಿ ಕರೆದಳು.

ಹಂಪಯ್ಯ ಕೇಳಿದ: "ಕುಂದ್ರಾಕ ಕುರ್ಚಿ ಕೊಡ್ತಾರೇನು?"

"ಮುಂದಿನ ಸಾಲಿನ್ಯಾಗ, ಯಪ್ಪಾ. ನಿನ್ನ ಹೆಸರು ಬರ್ದು ಅಂಟಸ್ತೀನಿ."

ಬಂದ. ಬಿಳಿ ಅಂಗಿ ಹಾಕಿಕೊಂಡು, ರಾಯಚೂರಿನ ಸಭಾಂಗಣದಲ್ಲಿ ತನ್ನ ಹೆಸರಿದ್ದ ಕುರ್ಚಿಯಲ್ಲಿ ಕೂತ.

ತಪ್ಪಾದದ್ದು ಬೇರೆ ಕಡೆ. ಎರಡು ತಿಂಗಳ ತಾಲೀಮು ಮಹಡಿಯ ಮೇಲೆ, ರಾಯಚೂರಿನ ಬಿಸಿಲಲ್ಲಿ ನಡೆದಿತ್ತು. ಆ ಬಿಸಿಲಿಗೆ ಹಲಗಿಯ ಚರ್ಮ ತಾನೇ ಬಿಗಿದು ಠಣ್ಣೆನ್ನುತ್ತಿತ್ತು. ಹಲಗಿಯನ್ನು ಬೆಂಕಿಗೆ ಹಿಡಿದು ಕಾಯಿಸಬೇಕೆಂಬುದೇ ಯಾರಿಗೂ ನೆನಪಿರಲಿಲ್ಲ. ಸಭಾಂಗಣವೋ ಹೊಸದು, ಎಸಿ ಭರ್ರನೆ ಬೀಸುತ್ತಿತ್ತು. ಆರನೇ ನಿಮಿಷಕ್ಕೆ ಐದನೇ ಹಲಗಿ ಹಸೀ ರೊಟ್ಟಿಯ ಹಾಗೆ 'ದಬ್' ಎಂದಿತು. ಆಮೇಲೆ ನಾಲ್ಕನೆಯದು. ಕಾಲುವೆಯ ನೀರು ನಡುವೆಯೇ ಬತ್ತತೊಡಗಿತು. ಮೌನೇಶ್ವರಿ ನಿಲ್ಲಿಸುವಂತಿಲ್ಲ, ಬಾರಿಸುವಂತಿಲ್ಲ.

ಆಗಲೇ ಹಂಪಯ್ಯ ಎದ್ದು ನಿಂತ. ವೇದಿಕೆಯ ಅಂಚಿನಲ್ಲಿ ಹೆಚ್ಚಿಗೆ ತಂದಿಟ್ಟಿದ್ದ ಹಲಗಿಯೊಂದನ್ನು ಕಂಕುಳಲ್ಲಿ ಹಿಡಿದು ಬಾಗಿಲಾಚೆ ನಡೆದ. 'ಹೋದ. ಹಲಗಿಯನ್ನೂ ಕಿತ್ತುಕೊಂಡು ಹೋದ' ಎಂದುಕೊಂಡಳು ಮಗಳು. ಕಣ್ಣು ಮಂಜಾದವು, ಕೈ ಮಾತ್ರ ಬಡಿಯುತ್ತಲೇ ಇತ್ತು.

ಹೊರಗೆ ನಡೆದದ್ದನ್ನು ಬಾಗಿಲೆದುರಿನ ಚಹಾದಂಗಡಿಯ ಮಲಂಗಸಾಬ ಆಮೇಲೆ ಹೇಳಿದ. ಹಂಪಯ್ಯ ನೇರವಾಗಿ ಅವನ ಒಲೆಯ ಮುಂದೆ ಹೋಗಿ ನಿಂತಿದ್ದನಂತೆ.

"ಸಾಬ್ರ, ಚಹಾ ಇಳಸ್ರಿ."

"ಅರೆ, ಗಿರಾಕಿ ಕುಂತಾರ್ರೀ!"

"ಒಳಗ ನನ್ನ ಮಗಳು ನಿಂತಾಳ. ಹಲಗಿ ದನಿ ಹೋಗ್ಯಾದ."

ಮಲಂಗಸಾಬ ಪಾತ್ರೆ ಇಳಿಸಿದ. ತಾನು ಕೂತಿದ್ದ ಕುರ್ಚಿಯನ್ನೇ ಒಲೆಯ ಮುಂದಕ್ಕೆ ಎಳೆದು, "ಬರ್ರಿ, ಕುಂತು ಕಾಸ್ರಿ" ಎಂದ.

ಹಲಗಿ ಕಾದಿದೆಯೋ ಇಲ್ಲವೋ ತಿಳಿಯಬೇಕಾದರೆ ಬಡಿದೇ ನೋಡಬೇಕು, ಬೇರೆ ದಾರಿಯಿಲ್ಲ. ಹಂಪಯ್ಯ ಸಭಾಂಗಣದ ಬಾಗಿಲಿಗೆ ಬಂದು ಅಂಗೈಯಿಂದ ಒಂದೇ ಒಂದು ಪೆಟ್ಟು ಹಾಕಿದ. ಠಣ್! ಐದನೇ ಹಲಗಿ ನುಡಿಯಬೇಕಾದ ಜಾಗಕ್ಕೇ ಅದು ಸರಿಯಾಗಿ ಬಿತ್ತು. ಮೌನೇಶ್ವರಿ ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ಅಪ್ಪ. ಹೋದ ಜೀವ ಬಂದಂತಾಯಿತು. ಸಣ್ಣದೊಂದು ಆವರ್ತನವನ್ನು ಬೇಕೆಂದೇ ಎಳೆದಳು. ಅಷ್ಟರಲ್ಲಿ ಅಪ್ಪ ಬಿಸಿ ಹಲಗಿ ಕೊಟ್ಟು ತಣ್ಣಗಿನದನ್ನು ಒಯ್ದ. ಹೀಗೆ ಒಂದೊಂದಾಗಿ ಐದೂ ಬದಲಾದವು, ಕಾಲುವೆ ತುಂಬಿ ಹರಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಮೇಲೆ ಅವಳು ರಚನೆಯನ್ನೇ ತಿದ್ದಿದಳು. ಮುಂದಿನ ಕಾರ್ಯಕ್ರಮ ಮಾನ್ವಿಯಲ್ಲಿ. ವೇದಿಕೆಯ ಮೇಲೆಯೇ ಒಂದು ಒಲೆ, ಪಕ್ಕದಲ್ಲಿ ಒಂದು ಕುರ್ಚಿ. ಕರಪತ್ರದಲ್ಲಿ ಆರನೇ ಹೆಸರು ಹಂಪಯ್ಯನದು. ಕಾದ ಹಲಗಿಯನ್ನು ಅವನು ಪರೀಕ್ಷಿಸುವುದಕ್ಕೆಂದು ಒಂದು ಪೆಟ್ಟಿನ ಜಾಗ ಖಾಲಿ.

"ನಾ ಬಾರ್ಸಂಗಿಲ್ಲ ನೋಡವ್ವಾ. ಕಾದದೋ ಇಲ್ಲೋ ನೋಡ್ತೀನಿ, ಅಷ್ಟ" ಎಂದು ಅವನು ಮೊದಲೇ ಗದರಿಸಿದ್ದ.

"ಆತು ಬಿಡು, ಯಪ್ಪಾ."

ಆ ಜಾಗ ಬಂತು. ಹಂಪಯ್ಯ ಒಂದು ಪೆಟ್ಟು ಹಾಕಿದ. ಅದರ ಹಿಂದೆಯೇ ಇನ್ನೊಂದು ಬಿತ್ತು. ಅದಕ್ಕೆ ಜಾಗವೇ ಇರಲಿಲ್ಲ. ಮತ್ತೊಂದು, ಮಗದೊಂದು. ಮೌನೇಶ್ವರಿ ಕೈಯೆತ್ತಿ ಉಳಿದವರನ್ನು ನಿಲ್ಲಿಸಿದಳು. ಮಾನ್ವಿಯ ಅಷ್ಟೂ ಜನರೆದುರು ಅವಳ ಅಪ್ಪ ಕಣ್ಣು ಮುಚ್ಚಿ, ಮೊಣಕಾಲ ಮೇಲೆ ಹಲಗಿಯಿಟ್ಟು, ಎರಡೂ ಕೈಯಿಂದ ಬಾರಿಸುತ್ತಿದ್ದ, ಕುರ್ಚಿಯಲ್ಲಿ ಕೂತೇ.