ಅತ್ತೆಯ ಎಡಗಿವಿ

ಬಸ್ ನಿಲ್ದಾಣದಲ್ಲಿ ಎಲ್ಲರೂ ಅವಳನ್ನು ಮೈಕಮ್ಮ ಎನ್ನುತ್ತಿದ್ದರು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಎರಡನೇ ಮಹಡಿಯ ಗಾಜಿನ ಕೋಣೆಯಲ್ಲಿ ಕೂತು, ಎದುರಿನ ಕೆಂಪು ಗುಂಡಿ ಒತ್ತಿ, ಯಾವ ಬಸ್ಸು ಎಲ್ಲಿಂದ ಎಷ್ಟು ಹೊತ್ತಿಗೆ ಹೊರಡುತ್ತದೆಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಊರಿನ ಅರ್ಧ ಜನಕ್ಕೆ ಅವಳ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ತರಕಾರಿ ಅಂಗಡಿಯಲ್ಲಿ "ಅರ್ಧ ಕೆಜಿ ಟೊಮೆಟೊ ಕೊಡಿ" ಅಂದರೆ ಸಾಕು, ಪಕ್ಕದಲ್ಲಿ ನಿಂತವರು ಥಟ್ಟನೆ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು.

ಆ ಕೆಲಸಕ್ಕೆ ಇದ್ದದ್ದು ಒಂದೇ ನಿಯಮ. ಹಾಳೆಯಲ್ಲಿ ಬರೆದದ್ದನ್ನು ಬಿಟ್ಟು ಒಂದಕ್ಷರ ಹೆಚ್ಚು ಹೇಳಕೂಡದು. ಸೇರಿದ ಹೊಸತರಲ್ಲಿ ಒಂದು ಮಳೆಯ ದಿನ, "ಮೆಟ್ಟಿಲು ಜಾರುತ್ತೆ, ವಯಸ್ಸಾದವರನ್ನ ಮೊದಲು ಹತ್ತಿಸಿ" ಎಂದು ಸೇರಿಸಿಬಿಟ್ಟಿದ್ದಳು. ಮಾರನೇ ದಿನವೇ ಮೇಲಧಿಕಾರಿ ಕರೆಸಿ, "ನಿಮ್ಮ ಕೆಲಸ ಓದೋದು ಕಣಮ್ಮ, ಮಾತಾಡೋದಲ್ಲ" ಎಂದರು. ಅಂದಿನಿಂದ ಹಾಳೆ ಹೇಳಿದ್ದೇ ವೇದವಾಕ್ಯ. ದಿನಕ್ಕೆ ಇನ್ನೂರು ಸಲ ಬಾಯಿ ತೆರೆದು, ತನ್ನದೆನ್ನುವ ಒಂದು ಮಾತೂ ಆಡದೆ ಮನೆಗೆ ಬರುತ್ತಿದ್ದಳು. ಮನೆಯಲ್ಲೂ ಅವಳದು ಅಳೆದು ತೂಗಿದ ಮಾತೇ. ಹಾಗಂತ ಗಂಡ ತಿಳಿದಿದ್ದ.

ಗಂಡ ಲಿಫ್ಟ್ ಮೆಕ್ಯಾನಿಕ್. ಒಳ್ಳೆಯವನು, ಆದರೆ ಕತ್ತಲೆ ಕಂಡರೆ ನಿದ್ದೆ. ದೀಪ ಆರಿಸಿದ ಸಭಾಂಗಣ ಅವನಿಗೆ ತೊಟ್ಟಿಲಿದ್ದ ಹಾಗೆ. ನಾಟಕದ ಮೊದಲ ಮಾತು ಮುಗಿಯುವಷ್ಟರಲ್ಲಿ ಗೊರಕೆ ಶುರುವಾಗುತ್ತಿತ್ತು. ಅವನ ತಾಯಿಗೋ ನಾಟಕವೆಂದರೆ ಪ್ರಾಣ.

ಅತ್ತೆ ಮೂವತ್ತೆರಡು ವರ್ಷ ಬಟ್ಟೆ ಗಿರಣಿಯಲ್ಲಿ ದುಡಿದವರು. ನೂರಾರು ಮಗ್ಗಗಳು ಒಟ್ಟಿಗೆ ಬಡಿಯುವ ಆ ಶೆಡ್ಡಿನಲ್ಲಿ ಕೂಗಿದರೂ ಕೇಳುತ್ತಿರಲಿಲ್ಲವಾದ್ದರಿಂದ ಹೆಂಗಸರೆಲ್ಲ ಒಬ್ಬರ ತುಟಿ ಒಬ್ಬರು ನೋಡಿಯೇ ಮಾತಾಡಿಕೊಳ್ಳುತ್ತಿದ್ದರು. ಗಿರಣಿ ಬಿಡುವ ಹೊತ್ತಿಗೆ ಬಲಗಿವಿ ಪೂರ್ತಿ ಕೈಕೊಟ್ಟಿತ್ತು. ಎಡಗಿವಿಗೆ ಗೇಣು ದೂರದಲ್ಲಿ ಬಾಯಿಟ್ಟು ಹೇಳಿದರೆ ಕೇಳುತ್ತಿತ್ತು. ಆದರೂ ವರ್ಷಕ್ಕೊಮ್ಮೆ ಊರಲ್ಲಿ ನಡೆಯುವ ಹತ್ತು ದಿನದ ಕಲಾ ಉತ್ಸವವನ್ನು ಅವರು ತಪ್ಪಿಸಿದವರಲ್ಲ. ಪುರಭವನ, ಶಾಲೆಯ ವ್ಯಾಯಾಮದ ಕೋಣೆ, ಹಳೇ ಐಸ್ ಕಾರ್ಖಾನೆಯ ಗೋದಾಮು, ಎಲ್ಲವೂ ಆ ಹತ್ತು ದಿನ ರಂಗಮಂದಿರಗಳೇ. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದ ಮಾವ ಜೊತೆಗೆ ಹೋಗುತ್ತಿದ್ದರು. ಮನೆಗೆ ಬಂದ ಮೇಲೆ ಹೆಂಡತಿಯೆದುರು ಕೂತು, ತುಟಿ ಅಗಲಿಸಿ ಅಗಲಿಸಿ, ನಾಟಕವನ್ನೆಲ್ಲ ಮತ್ತೊಮ್ಮೆ ಹೇಳುತ್ತಿದ್ದರು.

ಮೈಕಮ್ಮ ಮದುವೆಯಾಗಿ ಬಂದ ವರ್ಷ ಮಾವನ ಮಂಡಿ ಮುಷ್ಕರ ಹೂಡಿತು. ಹಾಗಾಗಿ ಅತ್ತೆಯನ್ನು ಉತ್ಸವಕ್ಕೆ ಕರೆದೊಯ್ಯುವ ಕೆಲಸ ಹೊಸ ಸೊಸೆಯ ಕೊರಳಿಗೆ ಬಿತ್ತು.

ಮೊದಲ ದಿನ ಪುರಭವನದಲ್ಲಿ ಹಾಸ್ಯ. ಸಣಕಲು ದೇಹದ, ಉದ್ದ ಕೊರಳಿನ ಒಬ್ಬ ಹಾಸ್ಯಗಾರ ಒಬ್ಬನೇ ನಿಂತು ಮಾತಾಡುತ್ತಿದ್ದ. ಐದು ನಿಮಿಷಕ್ಕೆ ಸಭೆ ಘೊಳ್ಳೆಂದು ನಕ್ಕಿತು. ಅತ್ತೆ ಸೊಸೆಯ ಮೊಣಕೈ ತಿವಿದು, ಮಗ್ಗದ ಶೆಡ್ಡಿನ ದನಿಯಲ್ಲಿ ಕೇಳಿದರು: "ಏನಂದ?"

ನಾಲ್ಕು ಸಾಲಿನ ಜನ ತಿರುಗಿ ನೋಡಿದರು. ಮೈಕಮ್ಮನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವನು ಹೇಳಿದ್ದು ತನ್ನ ಮೊದಲ ರಾತ್ರಿಯ ಕಥೆ. ಮದುವೆಯಾಗಿ ಮೂರು ತಿಂಗಳಾದ ಸೊಸೆ ಅತ್ತೆಯ ಕಿವಿಯಲ್ಲಿ ಹೇಳುವಂಥದ್ದಲ್ಲ. ಸುಮ್ಮನಿದ್ದರೆ ಮತ್ತೆ "ಏನಂದ" ಬರುತ್ತದೆ. ಅವಳು ಬಗ್ಗಿ, ಬಾಯಿಗೆ ಬಂದದ್ದು ಹೇಳಿದಳು.

"ಅಡುಗೆ ಹೇಗಿದೆ ಅಂತ ಹೆಂಡತಿ ಕೇಳಿದಳಂತೆ. ಇವನು 'ಥೇಟ್ ನಿಮ್ಮಮ್ಮ ಮಾಡಿದ ಹಾಗೇ ಇದೆ' ಅಂದನಂತೆ. ಅವಳು ಮೂರು ದಿನ ಮಾತು ಬಿಟ್ಟಳಂತೆ. ಅವರಪ್ಪ ಮನೆ ಬಿಟ್ಟು ಹೋಗಿದ್ದೇ ಆ ಅಡುಗೆ ತಿಂದು!"

ಅತ್ತೆ ನಕ್ಕರು. ಅದು ಸಣ್ಣ ನಗುವಲ್ಲ. ಸಭೆಯೆಲ್ಲ ನಕ್ಕು ಸುಮ್ಮನಾದ ಮೇಲೆ ಒಂಟಿಯಾಗಿ, ಕೊಡ ಉರುಳಿದ ಹಾಗೆ ಬಂತು. ಹಾಸ್ಯಗಾರ ಮಾತು ನಿಲ್ಲಿಸಿ ಕೊರಳು ಚಾಚಿದ.

"ಏನಮ್ಮಾ, ನನ್ನ ಮಾತು ನಿಮ್ಮ ಹತ್ರ ನಡ್ಕೊಂಡು ಬರ್ತಿದೆಯಾ?"

ಸಭೆ ಮತ್ತೆ ನಕ್ಕಿತು. "ಈಗೇನಂದ?" ಎಂದರು ಅತ್ತೆ.

"ನಿಮ್ಮ ನಗು ಚೆನ್ನಾಗಿದೆ ಅಂದ."

ಅತ್ತೆ ತಲೆಗೂದಲು ಸರಿಮಾಡಿಕೊಂಡು ನೆಟ್ಟಗೆ ಕೂತರು.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಪ್ರತಿ ವರ್ಷ ಉತ್ಸವಕ್ಕೆಂದೇ ಮೈಕಮ್ಮ ಹತ್ತು ದಿನ ರಜೆ ಉಳಿಸುತ್ತಿದ್ದಳು. ಕಾರ್ಯಕ್ರಮದ ಹಾಳೆ ಬಂದ ಕೂಡಲೇ ಅತ್ತೆ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದರು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಶಾಲೆಯ ಬೆಂಚು ಒತ್ತುತ್ತದೆಂದು ಎರಡು ದಿಂಬು, ಒಂದು ನೀರಿನ ಬಾಟಲಿ, ಅತ್ತೆಯ ಕೆಮ್ಮಿಗೆ ಕಲ್ಲುಸಕ್ಕರೆ. ಸೊಸೆ ಯಾವಾಗಲೂ ಎಡಕ್ಕೆ.

ಮೊದಮೊದಲು ಅವಳು ಇದ್ದದ್ದನ್ನು ಇದ್ದ ಹಾಗೇ ಹೇಳಲು ನೋಡಿದಳು. ಆದರೆ ಒಂದು ಮಾತು ಹೇಳಿ ಮುಗಿಸುವಷ್ಟರಲ್ಲಿ ವೇದಿಕೆಯ ಮೇಲೆ ಮೂರು ಮಾತು ಆಗಿಹೋಗಿರುತ್ತಿತ್ತು. ಮೊಟಕುಮಾಡಬೇಕಾಯಿತು. ಮೊಟಕುಮಾಡಿದ ಕಡೆ ಹೊಲಿಗೆ ಹಾಕಬೇಕಾಯಿತು. ಹೊಲಿಗೆ ಹಾಕುತ್ತಾ ಹಾಕುತ್ತಾ ಕೈ ಪಳಗಿತು. ಖಳನಾಯಕನಿಗೆ ತನ್ನ ಮೇಲಧಿಕಾರಿಯ ಬುದ್ಧಿ ಅಂಟಿಸಿದಳು. ಅಳುಮುಂಜಿ ನಾಯಕಿಯ ಬಾಯಲ್ಲಿ ನಾಲ್ಕು ಖಡಕ್ ಮಾತು ಆಡಿಸಿದಳು. ಒಮ್ಮೆ ಐಸ್ ಕಾರ್ಖಾನೆಯ ಗೋದಾಮಿನಲ್ಲಿ ರಾಜನ ನಾಟಕ. ಮುದಿ ಮಂತ್ರಿಯೊಬ್ಬ ಕೈ ಮುಗಿದುಕೊಂಡು ಐದು ನಿಮಿಷ ಉಸಿರುಬಿಡದೆ ಮಾತಾಡಿದ.

"ಏನಂತಿದ್ದಾನೆ?" ಅತ್ತೆ ಕೇಳಿದರು.

"ಆಗಲ್ಲ ಅಂತಿದ್ದಾನೆ."

"ಅಷ್ಟು ಹೊತ್ತು?"

"ಬಹಳ ಮರ್ಯಾದೆಯಿಂದ ಆಗಲ್ಲ ಅಂತಿದ್ದಾನೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರೂ ಪ್ರತಿ ವರ್ಷದ ಗಿರಾಕಿ. ಆಮೇಲೆ ಗಮನಿಸಿದರೆ, ಇವರು ಎಲ್ಲಿ ಕೂತರೂ ಅವರು ಸರಿಯಾಗಿ ಹಿಂದೆಯೇ ಬಂದು ಕೂರುತ್ತಿದ್ದರು. ಒಂದು ದಿನ ಮುಂದಕ್ಕೆ ಬಾಗಿ, "ಸ್ವಲ್ಪ ಗಟ್ಟಿಯಾಗಿ ಹೇಳಮ್ಮ, ನನಗೆ ಕೇಳಿಸ್ತಿಲ್ಲ" ಎಂದರು.

"ನಿಮಗೆ ವೇದಿಕೆಯಿಂದಲೇ ಕೇಳಿಸುತ್ತಲ್ಲ ಮೇಷ್ಟ್ರೇ?"

"ಕೇಳಿಸುತ್ತೆ. ಅದಕ್ಕೇ ನಿನ್ನನ್ನ ಕೇಳ್ತಿರೋದು."

ಮೈಕಮ್ಮ ಕತ್ತಲಲ್ಲಿ ಕೆಂಪಾದಳು. ಒಳಗೊಳಗೆ ಹಿಗ್ಗಿದಳು ಕೂಡ. ಗಾಜಿನ ಕೋಣೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡವಳಿಗೆ ಒಂದು ಮುದಿ ಕಿವಿ ಸಿಕ್ಕಿತ್ತು. ಅದರೊಳಕ್ಕೆ ಏನು ಹಾಕಿದರೂ ಬೆಳೆಯುತ್ತಿತ್ತು.

ಒಂಬತ್ತನೆಯ ವರ್ಷ, ಉತ್ಸವಕ್ಕೆ ಮೂರು ತಿಂಗಳಿರುವಾಗ, ಮಾವ ತೀರಿಕೊಂಡರು. ಬೆಳಿಗ್ಗೆ ರಟ್ಟಿಗೆ ಅಂಟು ಹಚ್ಚುತ್ತಾ ಕೂತವರು ಹಾಗೇ ಮುಂದಕ್ಕೆ ವಾಲಿಬಿಟ್ಟಿದ್ದರು. ಆ ಸಲ ಹೋಗುವುದು ಬೇಡವೆಂದೇ ಎಲ್ಲರೂ ಅಂದುಕೊಂಡಿದ್ದರು. ಅತ್ತೆಯೇ ಪೆನ್ಸಿಲ್ ಹಿಡಿದು ಒಂದೇ ಒಂದು ನಾಟಕಕ್ಕೆ ಗುರುತು ಹಾಕಿದರು. "ಗಡಿಯಾರದ ಅಂಗಡಿಯವನದಂತೆ. ಹಗುರವಾಗಿರಬಹುದು, ನೋಡೋಣ" ಎಂದರು.

ಹಗುರವಾಗಿರಲಿಲ್ಲ. ಗಡಿಯಾರ ರಿಪೇರಿ ಮಾಡುವ ಮುದುಕ, ಅವನ ಹೆಂಡತಿ, ಒಂದು ಚಿಕ್ಕ ಅಂಗಡಿ. ಕೊನೆಯಲ್ಲಿ ಮುದುಕ ಮೇಜಿನ ಮೇಲೆ ತಲೆಯಿಟ್ಟವನು ಏಳಲಿಲ್ಲ. ಹೆಂಡತಿ ಅವನ ಹೆಗಲು ಹಿಡಿದು ಕೂಗಿದಳು. ಮೈಕಮ್ಮನಿಗೆ ಪಕ್ಕದಿಂದ ಮೊಣಕೈ ತಿವಿತ ಬಂತು. ಈ ಸಲ ಮೆಲ್ಲಗೆ.

"ಏನಾಯ್ತು?"

"ನಿದ್ದೆ ಹೋಗಿದ್ದಾನೆ ಅತ್ತೆ."

ವೇದಿಕೆಯ ಮೇಲೆ ದೀಪ ಆರಿ ಹತ್ತಿತು. ಹೆಂಡತಿ ಒಬ್ಬಳೇ ಅಂಗಡಿಯ ಬಾಗಿಲು ತೆಗೆಯುತ್ತಿದ್ದಳು.

"ಅವನೆಲ್ಲಿ?"

"ತಮ್ಮನ ಊರಿಗೆ ಹೋದ. ಗಡಿಯಾರದ ಬಿಡಿಭಾಗ ತರಬೇಕಂತೆ. ಬರೋದು ಸ್ವಲ್ಪ ತಡ ಆಗುತ್ತಂತೆ."

"ಆಗಲಿ, ನಿಧಾನವಾಗಿಯೇ ಬರಲಿ" ಎಂದು ಅತ್ತೆ ಸೊಸೆಯ ಕೈ ಮೇಲೆ ಕೈಯಿಟ್ಟರು. ಹಿಂದೆ ಮೇಷ್ಟ್ರು ಮೂಗು ಸೀಟಿಕೊಂಡದ್ದು ಕೇಳಿಸಿತು.

ಮೂರು ವರ್ಷ ಕಳೆದ ಮೇಲೆ ಮಗ ತಾಯಿಗೆ ಕಿವಿಯ ಮಿಷನ್ನು ಕೊಡಿಸಿದ. ಕಡಲೆಬೀಜದಷ್ಟು ದೊಡ್ಡದು. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಅತ್ತೆ ಎರಡು ದಿನ ಬರೀ ಸದ್ದು ಕೇಳುತ್ತಾ ಓಡಾಡಿದರು. ನಲ್ಲಿಯ ಸದ್ದು, ತಮ್ಮದೇ ಚಪ್ಪಲಿಯ ಸದ್ದು, ಮಗನ ಗೊರಕೆ. "ನಿಮ್ಮಪ್ಪನಿಗಿಂತ ಹೆಚ್ಚು ಕಣೋ" ಎಂದು ಅವನಿಗೆ ಸರ್ಟಿಫಿಕೇಟ್ ಕೊಟ್ಟರು. ಮೂರನೇ ದಿನ ಒಬ್ಬರೇ ಬಸ್ ನಿಲ್ದಾಣಕ್ಕೆ ಹೋಗಿ, ಒಂದು ಗಂಟೆ ಬೆಂಚಿನ ಮೇಲೆ ಕೂತು ಸೊಸೆಯ ದನಿ ಕೇಳಿ ಬಂದರು.

"ಅದು ನೀನೇನಾ? ಒಣಗಿದ ಸೌದೆ ಮುರಿದ ಹಾಗೆ ಮಾತಾಡ್ತೀಯಲ್ಲೇ!"

ಮೈಕಮ್ಮ ನಕ್ಕಳು. ಆದರೆ ಉತ್ಸವ ಹತ್ತಿರವಾದಂತೆ ಅವಳು ಲೆಕ್ಕ ಹಾಕತೊಡಗಿದಳು. ಇನ್ನು ಅತ್ತೆಗೆ ಎಲ್ಲವೂ ಕೇಳುತ್ತದೆ, ಇಷ್ಟು ವರ್ಷದ ಬಂಡವಾಳವೆಲ್ಲ ಬಯಲಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಇನ್ನು ತನ್ನನ್ನು ಯಾರೂ ಏನೂ ಕೇಳುವುದಿಲ್ಲ. ಗಂಡನಿಗೆ, "ಈ ಸಲ ನೀವೇ ಅತ್ತೆ ಜೊತೆ ಹೋಗಿ" ಅಂದಳು. ಅವನು ಅವಳನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದ.

ಮೊದಲ ದಿನ ಪುರಭವನದಲ್ಲಿ ಅದೇ ಸಣಕಲು ಹಾಸ್ಯಗಾರ. ಈಗ ಹೊಟ್ಟೆ ಬಂದಿತ್ತು, ಹೆಸರೂ ಬಂದಿತ್ತು. ಅತ್ತೆ ಮಿಷನ್ನು ಸರಿಮಾಡಿಕೊಂಡು ಕೂತರು. ಸಭೆ ನಕ್ಕಿತು, ಅತ್ತೆ ನಗಲಿಲ್ಲ. ಮತ್ತೆ ನಕ್ಕಿತು, ಅತ್ತೆಯ ಹುಬ್ಬು ಗಂಟಾಯಿತು. ಮೈಕಮ್ಮ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಇಪ್ಪತ್ತು ನಿಮಿಷಕ್ಕೆ ಅತ್ತೆ ತಿರುಗಿ, ಈಗ ಹದವಾಗಿ ತಗ್ಗಿಸಿದ ದನಿಯಲ್ಲಿ ಕೇಳಿದರು: "ಇವನು ಇಷ್ಟೇನಾ?"

ಆಟ ಮುಗಿದ ಮೇಲೆ ಅತ್ತೆ ಹೊರಗಿನ ಮೊಗಸಾಲೆಯ ಬೆಂಚಿನ ಮೇಲೆ ಕೂತು, ಸೊಸೆಯನ್ನೂ ಕೂರಿಸಿಕೊಂಡರು.

"ಇಷ್ಟು ವರ್ಷ ನನ್ನ ಕಿವಿಗೆ ಹೂವಿಟ್ಟೆಯಲ್ಲೇ!"

ಮೈಕಮ್ಮನ ಕಣ್ಣು ತುಂಬಿತು. "ತಪ್ಪಾಯ್ತು ಅತ್ತೆ. ಮೊದಲ ಸಲ ಅವನು ಹೇಳಿದ್ದು ನಿಮ್ಮ ಹತ್ರ ಹೇಳೋ ಹಾಗಿರಲಿಲ್ಲ. ಆಮೇಲೆ ರೂಢಿಯಾಯ್ತು. ಬೇಕಂತ ಮೋಸ ಮಾಡಲಿಲ್ಲ."

"ಬೇಕಂತಲೇ ಮಾಡಿದೆ. ಆ ಗಡಿಯಾರದವನನ್ನ ತಮ್ಮನ ಊರಿಗೆ ಕಳಿಸಿದವಳು ಯಾರು?"

ಸೊಸೆ ತಲೆ ತಗ್ಗಿಸಿದಳು.

"ಅವನು ಸತ್ತ ಕಣೆ. ನನಗೆ ಆವತ್ತೇ ಗೊತ್ತಿತ್ತು. ಕಿವಿ ಇರಲಿಲ್ಲ, ಕಣ್ಣೂ ಇರಲಿಲ್ವಾ? ಆ ಹೆಂಗಸಿನ ತುಟಿ ಮೂರು ಸಲ 'ಏಳಿ, ಏಳಿ' ಅಂದಿದ್ದು ನೋಡಿದೆ. ನಾನೂ ಹಾಗೇ ಅಂದಿದ್ದೆನಲ್ಲ."

ಮೈಕಮ್ಮ ತಲೆಯೆತ್ತಿ ಅತ್ತೆಯ ಮುಖ ನೋಡಿದಳು.

"ನೀನು ಅವನನ್ನ ಊರಿಗೆ ಕಳಿಸಿದೆ. ಹೋಗಿ ಬರಲಿ ಅಂತ ನಾನೂ ಸುಮ್ಮನಾದೆ. ಆ ರಾತ್ರಿ ಮೂರು ತಿಂಗಳಿಂದ ಬರದ ನಿದ್ದೆ ಬಂತು." ಅತ್ತೆ ಮಿಷನ್ನನ್ನು ಕಿವಿಯಿಂದ ಬಿಡಿಸಿ, ಅದರ ಪುಟ್ಟ ಡಬ್ಬಿಯೊಳಗೆ ಇಟ್ಟು ಮುಚ್ಚಿದರು. "ಈಗ ಸರಿಯಾಗಿ ಹೇಳು. ಆ ಹಾಸ್ಯದವನು ಒಳಗೆ ಏನಂದ?"

"ಈಗ ಕೇಳಿದಿರಲ್ಲ ಅತ್ತೆ."

"ಅದು ಅವನು ಹೇಳಿದ್ದು. ನೀನು ಹೇಳು."

ಮೈಕಮ್ಮ ಕಣ್ಣೊರೆಸಿಕೊಂಡು ಅತ್ತೆಯ ಎಡಕ್ಕೆ ಸರಿದು ಕೂತಳು. ಕಿವಿಗೆ ಬಾಯಿಟ್ಟು ಶುರುಮಾಡಿದಳು. ಮೊಗಸಾಲೆಯಲ್ಲಿ ಹೋಗುತ್ತಿದ್ದವರು ನಿಂತು ನೋಡುವ ಹಾಗೆ ಅತ್ತೆ ನಕ್ಕರು. ಕಂಬದ ಹಿಂದಿನಿಂದ ಮೇಷ್ಟ್ರು ಮೆಲ್ಲಗೆ ಬಂದು ಬೆಂಚಿನ ತುದಿಯಲ್ಲಿ ಕೂತರು.

ಆ ಸಂಜೆಯೇ ಅತ್ತೆ ತೀರ್ಪು ಕೊಟ್ಟರು. ನಾಟಕಕ್ಕೆ ಮಿಷನ್ನು, ಹಾಸ್ಯಕ್ಕೆ ಸೊಸೆ. ಅದು ಒಂದು ವರ್ಷ ನಡೆಯಿತು. ಆಮೇಲೆ ಅತ್ತೆಗೆ ತಮ್ಮದೂ ಒಂದು ಮಾತು ಸೇರಿಸುವ ಚಪಲ ಹತ್ತಿ ಕಟ್ಟಳೆ ಮುರಿದುಬಿತ್ತು. ಮಿಷನ್ನು ಹಾಕಿಕೊಂಡೇ ಕೂತು, "ಅವನು ಹಾಗಂದ, ನೀನಾಗಿದ್ರೆ ಏನಂತಿದ್ದೆ?" ಎಂದು ಪ್ರತಿ ಮಾತಿಗೂ ಕೇಳತೊಡಗಿದರು. ಒಂದೆರಡು ಸಲ ಬಾಗಿಲಲ್ಲಿ ನಿಂತವರು ಬಂದು, ದಯವಿಟ್ಟು ಪಿಸುಮಾತು ಬೇಡವೆಂದು ಹೇಳಿಹೋದರು. ಮೇಷ್ಟ್ರು ಅವರೊಡನೆ ಜಗಳಕ್ಕೇ ನಿಂತರು.

ಅತ್ತೆಗೆ ಈಗ ಎಪ್ಪತ್ತೆಂಟು. ಈ ವರ್ಷ ಇಬ್ಬರೂ ಹತ್ತೊಂಬತ್ತು ಆಟ ನೋಡಿದರು. ಕೊನೆಯ ದಿನ ಮಧ್ಯಾಹ್ನ ಶಾಲೆಯ ವ್ಯಾಯಾಮದ ಕೋಣೆಯಲ್ಲಿ ನೋಡಿದ್ದು ಮಾತೇ ಇಲ್ಲದ ಗೊಂಬೆಯಾಟ. ಮರದ ಮುದುಕಿ, ಬಟ್ಟೆಯ ನಾಯಿ, ಒಂದು ಏಣಿ. ಒಂದು ಗಂಟೆ ಯಾರೂ ತುಟಿ ಬಿಚ್ಚಲಿಲ್ಲ. ಇವರಿಬ್ಬರೂ ಬಿಚ್ಚಲಿಲ್ಲ. ಹೊರಗೆ ಬಂದವರೇ ಶುರುಮಾಡಿದರು. ಮುದುಕಿ ನಾಯಿಯನ್ನು ಬಿಟ್ಟುಹೋದಳು ಎಂದು ಅತ್ತೆ, ಇಲ್ಲ, ನಾಯಿಗೆ ದಾರಿ ಮಾಡಿಕೊಡಲು ಹೋದಳು ಎಂದು ಸೊಸೆ. ಬಸ್ಸಿನಲ್ಲಿಯೂ ಅದೇ, ಮನೆಯ ಮೆಟ್ಟಿಲ ಮೇಲೂ ಅದೇ. ಬಾಗಿಲು ತೆಗೆದ ಮಗನನ್ನು ಅತ್ತೆ ಒಳಗೆ ಹೋಗಲು ಬಿಡಲಿಲ್ಲ. ಏಣಿಯಿಂದ ಹಿಡಿದು ನಾಯಿಯ ಬಾಲದವರೆಗೆ ಎಲ್ಲವನ್ನೂ ಹೇಳಿ, "ಈಗ ನೀನೇ ಹೇಳು, ಯಾರು ಸರಿ?" ಎಂದರು.

"ಅಮ್ಮಾ, ನಾನು ನೋಡೇ ಇಲ್ವಲ್ಲ!"

"ನೋಡಿದ್ರೆ ನಿದ್ದೆ ಮಾಡಿರ್ತಿದ್ದೆ. ಹೇಳು," ಎಂದರು ಅತ್ತೆ. ಮೈಕಮ್ಮ ದಿಂಬುಗಳನ್ನು ಕಂಕುಳಲ್ಲಿ ಇರುಕಿಕೊಂಡೇ, ಅವನ ಉತ್ತರಕ್ಕೆ ಕಾಯುತ್ತಾ ಹೊಸ್ತಿಲಲ್ಲಿ ನಿಂತಳು.