ನಡುವಿನ ಪಿಂಡ

ಅನ್ನ ಇಳಿಯುತ್ತಿಲ್ಲ ಎಂದು ಅತ್ತೆ ಮೊದಲ ಸಲ ಹೇಳಿದಾಗ ನಾನು ಅದನ್ನು ಕೊಂಕು ಎಂದುಕೊಂಡೆ. ಮದುವೆಯಾಗಿ ವಿಜಯನಗರದ ಈ ಮನೆಗೆ ಬಂದಾಗಿನಿಂದ ನನ್ನ ಅಡುಗೆ ಅವರಿಗೆ ರುಚಿಸಿದ್ದೇ ಇಲ್ಲ. ಅನ್ನವನ್ನು ಇನ್ನಷ್ಟು ಮೆತ್ತಗೆ ಮಾಡಿ, ಮುಖ ಗಂಟಿಕ್ಕಿಕೊಂಡೇ ಬಡಿಸುತ್ತಿದ್ದೆ. ಕುಡಿದ ನೀರೂ ವಾಪಸ್ಸು ಬರತೊಡಗಿದ ಮೇಲೆ ಎಂಡೋಸ್ಕೋಪಿ ಮಾಡಿಸಿದೆವು.

ಅನ್ನನಾಳದ ಕ್ಯಾನ್ಸರ್. ಸ್ಟೇಜ್ ಫೋರ್.

"ಆಪರೇಷನ್ ಮಾಡೋ ಹಾಗಿಲ್ಲ. ಮನೇಲೇ ಚೆನ್ನಾಗಿ ನೋಡ್ಕೊಳ್ಳಿ," ಎಂದರು ಡಾಕ್ಟರ್. ನೋಡಿಕೊಳ್ಳುವವರು ಯಾರೆಂದು ಯಾರೂ ಕೇಳಲಿಲ್ಲ. ಶಾಲೆಯ ಕೆಲಸಕ್ಕೆ ನಾನು ರಜೆ ಹಾಕಿದೆ. ಮೂಗಿನ ಟ್ಯೂಬಿನಲ್ಲಿ ಗಂಜಿ ಬಿಟ್ಟೆ. ಡೈಪರ್ ಬದಲಿಸಿದೆ. ಬೆನ್ನಿನ ಹುಣ್ಣು ತೊಳೆದೆ. ನಾದಿನಿ ಸುಧಾ ಭಾನುವಾರ ರಾಜಾಜಿನಗರದಿಂದ ಎಳನೀರು ತಂದು, ಬಾಗಿಲ ಬಳಿ ನಿಂತು ಅತ್ತು ಹೋಗುತ್ತಿದ್ದಳು. ನನಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ.

ಮಕ್ಕಳಾಗಲಿಲ್ಲವೆಂದು ಸೀಮಂತ, ನಾಮಕರಣಗಳಲ್ಲಿ ನನ್ನನ್ನು ಹಿಂದಕ್ಕೆ ಕೂರಿಸಿದವರು ಇದೇ ಅತ್ತೆ. ಐವಿಎಫ್ ಎರಡು ಸಲ ಕೈಕೊಟ್ಟ ಮೇಲೆ ನಾನೂ ನನ್ನ ಗಂಡನೂ ಇನ್ನು ಸಾಕು ಎಂದು ತೀರ್ಮಾನಿಸಿ, ಹೇಗೋ ನೆಮ್ಮದಿ ಕಂಡುಕೊಂಡಿದ್ದೆವು. ಒಂದು ಭಾನುವಾರ ಮೈ ಒರೆಸುತ್ತಿದ್ದಾಗ ಅತ್ತೆ ಸುಧಾಳ ಎದುರಿಗೇ ನನ್ನ ಕೈ ಹಿಡಿದುಕೊಂಡರು.

"ಮುಂದಿನ ಜನ್ಮ ಅಂತಿದ್ರೆ ನಿನ್ನ ಹೊಟ್ಟೇಲೇ ಹುಟ್ಟಿ ಋಣ ತೀರಿಸ್ತೀನಿ ಕಣೇ."

ಕರುಳು ಚುರ್ ಎನ್ನಬೇಕಿತ್ತು. ಸಿಟ್ಟು ಬಂತು. ಈ ಜನ್ಮದಲ್ಲೇ ಒಂದು ದಿನ ಊಟ ಆಯಿತಾ ಎಂದು ಕೇಳಿದ್ದರೆ ಸಾಕಿತ್ತು.

ಆ ವಾರವೇ ಹೋದರು.

ಮೊನ್ನೆ ವರ್ಷದ ತಿಥಿ. ಪಿಂಡಪ್ರದಾನ ಮುಗಿದ ಮೇಲೆ ಪುರೋಹಿತರು ಮೂರರಲ್ಲಿ ನಡುವಿನ ಪಿಂಡವನ್ನು ಎಲೆಯಲ್ಲಿಟ್ಟು ನನ್ನತ್ತ ಚಾಚಿದರು. ಮಗು ಬೇಕೆನ್ನುವ ಸೊಸೆ ಅದನ್ನು ತಿನ್ನುವ ಪದ್ಧತಿ ಉಂಟು. ಪುರೋಹಿತರಿಗೆ ಮೊದಲೇ ಹೇಳಿಟ್ಟವಳು ಸುಧಾ.

"ತಿನ್ನಿ ಅತ್ತಿಗೆ. ಅಮ್ಮ ಮಾತು ಕೊಟ್ಟಿದಾಳೆ, ಬಂದೇ ಬರ್ತಾಳೆ."

"ಬೇಡ ಸುಧಾ," ಎಂದೆ. "ನನ್ನ ಕೈಯಲ್ಲಿ ಅವರು ಒಂದ್ಸಲ ಮಗು ಆಗಿ ಆಯ್ತು. ಉಣ್ಸಿದೀನಿ, ತೊಳ್ದಿದೀನಿ, ಮಲಗ್ಸಿದೀನಿ. ಇನ್ನೊಂದ್ಸಲ ಹುಟ್ಟೋದಾದ್ರೆ ನಿನ್ನ ಹತ್ರ ಹುಟ್ಲಿ."

ನನ್ನ ಗಂಡ ಎದ್ದು, ಪುರೋಹಿತರ ಕೈಯಿಂದ ಎಲೆ ತೆಗೆದುಕೊಂಡು, ಬೀದಿಯ ಹಸುವಿಗೆ ಪಿಂಡ ಕೊಟ್ಟು ಬಂದರು. ಅಷ್ಟಕ್ಕೇ ನಾನು ಅವರಿಗೆ ಕೃತಜ್ಞಳು.

ಅತ್ತೆಗೆ ಮುಕ್ತಿ ಸಿಗಲಿ ಎಂದು ಅವತ್ತು ದೇವರಲ್ಲಿ ಮನಸಾರೆ ಬೇಡಿಕೊಂಡೆ. ಮುಕ್ತಿ ಸಿಕ್ಕವರು ಮತ್ತೆ ಹುಟ್ಟುವುದಿಲ್ಲವಂತೆ.